ಕಿರಾಣಿ ಅಂಗಡಿಯ ಔಷಧ ಡಬ್ಬಿ

ಆಳಂದ ತಾಲ್ಲೂಕಿನ ಮಟಕಿಯಂಥ ಊರುಗಳಲ್ಲಿ ಹಿಂದೆ ನೆಗಡಿ, ತಲೆನೋವು, ಹೊಟ್ಟೆಕಡಿತಗಳಿಗೆಲ್ಲ ಯಾರೂ ವೈದ್ಯರ ಬಳಿಗೆ ಹೋಗುತ್ತಿರಲಿಲ್ಲ. ಪಟ್ಟಣಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ, ಬಸ್ಸಿನ ಖರ್ಚು ಬೇರೆ. ಮೊದಲ ಚಿಕಿತ್ಸೆ ಅಡಿಗೆಮನೆಯಲ್ಲಿ. ಅದಕ್ಕೆ ಬಗ್ಗದಿದ್ದರೆ ಕಿರಾಣಿ ಅಂಗಡಿಯಲ್ಲಿ. “ತೆಲಿ ನೋಯ್ಲಾಕತ್ತದ್ರಿ ಸಾವಕಾರ್ರ, ಒಂದು ಗುಳಿಗಿ ಕೊಡ್ರಿ” ಎಂದರೆ ಬೆಲ್ಲ, ಚಹಪುಡಿ, ಬೀಡಿ ಕಟ್ಟುಗಳ ನಡುವೆ ಇದ್ದ ಡಬ್ಬಿಯ ಮುಚ್ಚಳ ತೆರೆಯುತ್ತಿತ್ತು. ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿಯೂ ಇದೇ ರೂಢಿ.

ಆ ಡಬ್ಬಿಯ ಕೆಲವು ವಸ್ತುಗಳಿಗೆ ದೊಡ್ಡ ಇತಿಹಾಸವಿದೆ. ಅಮೃತಾಂಜನವನ್ನು 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿದವರು ಆಂಧ್ರದ ಕಾಶೀನಾಥುನಿ ನಾಗೇಶ್ವರರಾವ್. ಅವರು ಸ್ವಾತಂತ್ರ್ಯ ಹೋರಾಟಗಾರರೂ ಪತ್ರಿಕಾ ಸಂಪಾದಕರೂ ಆಗಿದ್ದರು. 1948ರ ಸೆಪ್ಟೆಂಬರ್‌ವರೆಗೆ ಕಲಬುರಗಿ ಸೀಮೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಆ ಹೈದರಾಬಾದಿನಲ್ಲೇ 1920ರಲ್ಲಿ ಹಕೀಮ್ ಮೊಹಮ್ಮದ್ ಮೊಯಿಜುದ್ದೀನ್ ಫಾರೂಕಿ ಅವರು ‘ಜಿಂದಾ ತಿಲಿಸ್ಮಾತ್’ ಎಂಬ ಯುನಾನಿ ಔಷಧ ತಯಾರಿಸಿದರು. ಹೆಸರಿನ ಅರ್ಥ ‘ಜೀವಂತ ಮಾಯೆ’. ನೆಗಡಿ, ಕೆಮ್ಮು, ಹಲ್ಲುನೋವು, ಹೊಟ್ಟೆನೋವು ಎಲ್ಲಕ್ಕೂ ಆ ಪುಟ್ಟ ಬಾಟಲಿಯೇ.

ಇವುಗಳ ಮಾಯೆಯನ್ನು ವಿಜ್ಞಾನ ಒಂದಿಷ್ಟು ಬಿಡಿಸಿ ಹೇಳಿದೆ. ನೆಗಡಿಯ ಎಣ್ಣೆ, ಮುಲಾಮುಗಳಲ್ಲಿ ಸಾಮಾನ್ಯವಾಗಿ ಇರುವುದು ನೀಲಗಿರಿ ಎಣ್ಣೆ, ಕರ್ಪೂರ, ಮೆಂಥಾಲ್. ಮೆಂಥಾಲ್ ಮೂಗಿನೊಳಗಿನ ತಂಪು ತಿಳಿಯುವ ನರಗಳನ್ನು ಕೆಣಕುತ್ತದೆ. ಮೂಗು ಬಿಟ್ಟಂತೆ ಅನಿಸುತ್ತದೆ, ಆದರೆ ಒಳಗಿನ ಬಾವು ಹಾಗೆಯೇ ಇರುತ್ತದೆ. ನೆಗಡಿ ವಾಸಿಯಾಗುವುದು ದೇಹದ ರೋಗನಿರೋಧಕ ಶಕ್ತಿಯಿಂದಲೇ. ಅಡಿಗೆಮನೆಯ ಅಜವಾನದಲ್ಲಿ ಥೈಮಾಲ್ ಇದೆ. ಲವಂಗದಲ್ಲಿರುವ ಯೂಜಿನಾಲ್ ಹಲ್ಲುನೋವನ್ನು ಕೆಲಹೊತ್ತು ಮರಗಟ್ಟಿಸುತ್ತದೆ. ಹುಳುಕು ಮಾತ್ರ ಹೋಗುವುದಿಲ್ಲ.

ಹೀಗೆ ನೋವು ತಗ್ಗಿಸಿ ದೇಹಕ್ಕೆ ಸಮಯ ಕೊಡುವುದೇ ಇಂಥ ಮದ್ದುಗಳ ನಿಜವಾದ ಉಪಕಾರ. ಅಪಾಯ ಬರುತ್ತಿದ್ದುದು ಎರಡು ಕಡೆಯಿಂದ: ಪ್ರಮಾಣ ತಪ್ಪಿದಾಗ ಮತ್ತು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಹೋದಾಗ. ಮುಲಾಮಿನ ಕರ್ಪೂರ ಚರ್ಮದ ಮೇಲೆ ಹಿತ. ಅದನ್ನೇ ಎಳೆಮಗು ನುಂಗಿದರೆ ಫಿಟ್ಸ್ ಬರಬಹುದು. ಹೊಟ್ಟೆನೋವೆಂದರೆ ಔಡಲೆಣ್ಣೆ ಅಥವಾ ಎಪ್ಸಮ್ ಉಪ್ಪು ಕುಡಿಸುವುದು ವಾಡಿಕೆ. ಮಲಬದ್ಧತೆಗೆ ಅದು ಸರಿ. ಆದರೆ ನೋವು ಹೊಕ್ಕಳಿನ ಸುತ್ತ ಆರಂಭವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿದರೆ ಅದು ಅಪೆಂಡಿಕ್ಸ್‌ನ ಬಾವು ಇರಬಹುದು. ಆಗ ಜುಲಾಬು ಕೊಟ್ಟರೆ ಅದು ಒಡೆದು ಪ್ರಾಣಕ್ಕೇ ಕುತ್ತು.

ಗುಳಿಗೆಗಳ ವಿಷಯವೂ ಹೀಗೆಯೇ. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ತಯಾರಾದ ಆಸ್ಪಿರಿನ್ ಲೋಕದ ಮನೆಮದ್ದೇ ಆಯಿತು. ವೈರಸ್ ಜ್ವರವಿದ್ದ ಮಕ್ಕಳಿಗೆ ಅದನ್ನು ಕೊಟ್ಟಾಗ ಮಿದುಳು, ಯಕೃತ್ತುಗಳನ್ನು ಕೆಡಿಸುವ ‘ರೈ ಸಿಂಡ್ರೋಮ್’ ಬರುವ ಸಂಭವವಿದೆ ಎಂಬುದು ತಿಳಿದದ್ದು 1980ರ ದಶಕದಲ್ಲಿ. ಡೆಂಗಿ ಜ್ವರದಲ್ಲಂತೂ ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸುತ್ತದೆ. ಭೇದಿಗೆಂದು ಜನ ಕೇಳಿ ಪಡೆಯುತ್ತಿದ್ದ ಇನ್ನೊಂದು ಗುಳಿಗೆ ಎಂಟರೋ ವಯೋಫಾರ್ಮ್. ಅದರಲ್ಲಿದ್ದ ಕ್ಲಿಯೋಕ್ವಿನಾಲ್ ಸೇವಿಸಿ ಜಪಾನಿನಲ್ಲಿ ಸುಮಾರು 10,000 ಜನರ ನರಗಳು ಕೆಟ್ಟವು. ಹಲವರಿಗೆ ಕಾಲಿನ ಸ್ವಾಧೀನ ತಪ್ಪಿತು, ಕೆಲವರಿಗೆ ಕಣ್ಣು ಹೋಯಿತು. 1970ರಲ್ಲಿ ಅಲ್ಲಿ ಮಾರಾಟ ನಿಲ್ಲಿಸಿದ ಮೇಲೆ ಆ ರೋಗವೂ ನಿಂತಿತು.

ಭೇದಿಯ ವಿಷಯದಲ್ಲಿ ಹಳ್ಳಿಯ ತಿಳಿವಳಿಕೆ ಒಂದು ಕಡೆ ತಪ್ಪಾಗಿತ್ತು, ಇನ್ನೊಂದು ಕಡೆ ಸರಿಯಾಗಿತ್ತು. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಮಗುವಿಗೆ ನೀರು ನಿಲ್ಲಿಸುತ್ತಿದ್ದುದು ತಪ್ಪು; ಎಷ್ಟೋ ಕೂಸುಗಳು ಒಣಗಿ ಸತ್ತದ್ದು ಅದರಿಂದಲೇ. ಉಪ್ಪು ಹಾಕಿದ ಗಂಜಿ ಕುಡಿಸುತ್ತಿದ್ದ ಅಜ್ಜಿಯರು ಮಾಡಿದ್ದು ಸರಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋಯಿತು. ಡಾ. ದಿಲೀಪ್ ಮಹಾಲನಾಬಿಸ್ ಅವರು ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ತನ್ನ ಜೊತೆಗೆ ಸೋಡಿಯಮ್ಮನ್ನು ಒಳಗೆ ಒಯ್ಯುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ, ಗುಟ್ಟು ಇಷ್ಟೇ. ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಬೇಕು. ಚಮಚ ಗೋಪುರದಂತೆ ತುಂಬಿರಬಾರದು, ಸಮವಾಗಿರಬೇಕು. ಉಪ್ಪು ಹೆಚ್ಚಾದರೆ ಇದೂ ಅಪಾಯವೇ.

ಕಿರಾಣಿ ಅಂಗಡಿಯಲ್ಲಿ ಔಷಧ ಮಾರುವುದಕ್ಕೆ ಕಾನೂನಿನಲ್ಲಿ ಒಂದು ಮಿತಿ ಇದೆ. 1945ರ ಔಷಧ ನಿಯಮಗಳ ‘ಕೆ’ ಅನುಸೂಚಿಯ ಪ್ರಕಾರ ಆಸ್ಪಿರಿನ್, ಪ್ಯಾರಾಸಿಟಮಾಲ್, ನೋವಿನ ಮುಲಾಮು, ಔಡಲೆಣ್ಣೆ, ನೀಲಗಿರಿ ಎಣ್ಣೆ, ಟಿಂಕ್ಚರ್ ಅಯೋಡಿನ್ ಮುಂತಾದ ಮನೆಬಳಕೆಯ ಔಷಧಗಳನ್ನು ಪರವಾನಗಿ ಇಲ್ಲದೆ ಮಾರಬಹುದು. ಆದರೆ ಆ ಹಳ್ಳಿಯ ಜನಸಂಖ್ಯೆ 1,000 ಮೀರಿರಬಾರದು. ತಯಾರಕರ ಮೂಲ ಪೊಟ್ಟಣವನ್ನೂ ಒಡೆದಿರಬಾರದು. ಹಾಳೆಯಲ್ಲಿ ಸುತ್ತಿಕೊಟ್ಟ ಬಿಡಿ ಗುಳಿಗೆಗೆ ಹೆಸರಿಲ್ಲ, ಪ್ರಮಾಣವಿಲ್ಲ, ಅವಧಿಯ ದಿನಾಂಕವೂ ಇಲ್ಲ. ಪೊಟ್ಟಣ ಒಡೆಯಬಾರದೆಂಬ ನಿಯಮದ ಬೆಲೆ ತಿಳಿಯುವುದು ಅಲ್ಲಿಯೇ.

ಇಂದು ಔಷಧದಂಗಡಿಗಳು ಹೆಚ್ಚಾಗಿವೆ, ಕೇಳಿ ಪಡೆಯುವ ಅಭ್ಯಾಸ ಮಾತ್ರ ಹಳೆಯದೇ. ಜ್ವರದ ಗುಳಿಗೆಯಲ್ಲಿರುವ ಪ್ಯಾರಾಸಿಟಮಾಲ್ ಅನೇಕ ನೆಗಡಿ ಗುಳಿಗೆಗಳಲ್ಲಿಯೂ ಇರುತ್ತದೆ. ಎರಡನ್ನೂ ನುಂಗಿದವರಿಗೆ ಪ್ರಮಾಣ ಇಮ್ಮಡಿಯಾದದ್ದು ಗೊತ್ತೇ ಆಗುವುದಿಲ್ಲ. ಮಿತಿ ಮೀರಿದರೆ ಯಕೃತ್ತು ಕೆಡುತ್ತದೆ. ಮಕ್ಕಳಿಗೆ ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ ಹೆಚ್ಚೆಂದರೆ 15 ಮಿಲಿಗ್ರಾಂ. 12 ಕಿಲೋ ತೂಕದ ಮಗುವಿಗೆ 180 ಮಿಲಿಗ್ರಾಂ ಆಯಿತು. 500ರ ಗುಳಿಗೆಯನ್ನು ಅರ್ಧ ಮುರಿದು ಕೊಟ್ಟರೂ ಅದು ಹೆಚ್ಚೇ.

ವಿದ್ಯಾರ್ಥಿಗಳು ಈ ಭಾನುವಾರ ತಂದೆತಾಯಿಯೊಂದಿಗೆ ಕುಳಿತು ಮನೆಯ ಔಷಧ ಡಬ್ಬಿಯನ್ನು ಬರಿದು ಮಾಡಿ ನೋಡಲಿ. ಪ್ರತಿಯೊಂದರ ಮೇಲೂ ಒಳಗಿರುವ ವಸ್ತು, ಅದರ ಪ್ರಮಾಣ, ಅವಧಿ ಮುಗಿಯುವ ದಿನಾಂಕ ಓದಲಿ. ಓದಲಾಗದ್ದನ್ನು, ಅವಧಿ ಮುಗಿದದ್ದನ್ನು ತೆಗೆದುಹಾಕಲಿ. ಅಜವಾನ, ಲವಂಗ, ಮುಲಾಮು ಇರಲಿ, ಓ.ಆರ್.ಎಸ್. ಪೊಟ್ಟಣ ತಪ್ಪದೆ ಇರಲಿ. ಜ್ವರ ಮೂರು ದಿನ ದಾಟಿದರೆ, ಮಗು ಮಂಕಾಗಿ ಬಿದ್ದರೆ, ಮೂತ್ರ ಕಡಿಮೆಯಾದರೆ, ಉಸಿರು ಏದುತ್ತಿದ್ದರೆ ಡಬ್ಬಿ ಮುಚ್ಚಿ ದವಾಖಾನೆಗೆ ಹೊರಡಬೇಕು.