ಹೊಳೆಯ ದಂಡೆಯಲ್ಲೊಂದು ಡೇರೆ

ತುಮಕೂರು ಸೀಮೆಯವರಾದ ನಮಗೆ ಹೊಳೆಯೆಂದರೆ ಭಯವಿಲ್ಲ, ಪರಿಚಯವೂ ಅಷ್ಟಕ್ಕಷ್ಟೆ. ನಮ್ಮ ಶಿಂಷೆ ದೇವರಾಯನದುರ್ಗದಲ್ಲಿ ಹುಟ್ಟಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ಹೊಕ್ಕು ಹೊರಟು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಜಲಾಶಯವಾಗಿ ನಿಲ್ಲುತ್ತಾಳೆ. ನಡುವಿನ ದಾರಿಯಲ್ಲಿ ಎಷ್ಟೋ ತಿಂಗಳು ಆಕೆಯ ಪಾತ್ರದಲ್ಲಿ ಕಾಣುವುದು ಮರಳು ಮಾತ್ರ. ಊರಿನ ನಲ್ಲಿಗೆ ನೀರು ಬರುವುದೂ ಕಾಲುವೆ ಹಿಡಿದು ಬಂದ ಹೇಮಾವತಿಯಿಂದ. ಇಂಥವರು ಮರಳ ದಿಣ್ಣೆಯನ್ನು ಕಂಡೊಡನೆ, ಮಲಗಲೆಂದೇ ಯಾರೋ ಹಾಸಿಟ್ಟಿದ್ದಾರೆಂದು ಭಾವಿಸುವುದು ಸಹಜ.

ದಸರೆಯ ರಜೆಯಲ್ಲಿ ಬಾದಾಮಿಯ ಕಡೆಗೆ ಹೊರಟಾಗ ನನ್ನ ಭಾವಮೈದುನ ಹೊಸದಾಗಿ ಕೊಂಡ ಡೇರೆಯೊಂದನ್ನು ಕಾರಿನ ನೆತ್ತಿಗೆ ಬಿಗಿದಿದ್ದ. ವಸತಿಗೃಹದ ಮಾತೆತ್ತಿದ ನನ್ನಾಕೆಗೆ ಅವನು ದಾರಿಯುದ್ದಕ್ಕೂ ನಕ್ಷತ್ರಗಳ ಆಸೆ ತೋರಿಸಿದ.

ಕರಿಗಲ್ಲಿನ ಗುಡ್ಡಗಳ ನಡುವೆ ಬೆಳೆದ ಕಣ್ಣಿಗೆ ಆ ನಾಡಿನ ಕೆಂಪು ಮರಳುಗಲ್ಲು ಒಂದು ಬೆರಗು. ಬೆಳಗ್ಗೆ ಇಟ್ಟಿಗೆಯ ಬಣ್ಣ, ಸಂಜೆಗೆ ಕೆಂಡದ ಬಣ್ಣ. ಕೆಲವು ಬಂಡೆಗಳ ಮೇಲೆ ಕಿರುಅಲೆಗಳ ಗುರುತು ಹಾಗೆಯೇ ಉಳಿದಿದೆ. ಕೋಟ್ಯಂತರ ವರ್ಷಗಳ ಹಿಂದೆ ನೀರು ಹರಡಿದ ಮರಳೇ ಕಲ್ಲಾಗಿರುವುದು. ನನ್ನ ಮಗಳು ಅದರ ಮೇಲೆ ಕೈಯಾಡಿಸಿ, “ಇಲ್ಲೂ ನೀರಿತ್ತೇನಪ್ಪ?” ಎಂದಳು. ಇದೇ ಕಲ್ಲಿನಲ್ಲಿ ಚಾಲುಕ್ಯರು ಪಟ್ಟದಕಲ್ಲನ್ನು ಕಟ್ಟಿದರು. ಕಂಚಿಯ ಮೇಲಿನ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಎತ್ತಿಸಿದ ವಿರೂಪಾಕ್ಷ ದೇವಾಲಯದ ಬದಿಯಲ್ಲೇ ಮಲಪ್ರಭೆ ಉತ್ತರಕ್ಕೆ ಹರಿಯುತ್ತಾಳೆ.

ಸ್ಮಾರಕಗಳ ಆವರಣದಲ್ಲಿ ಡೇರೆ ಹೂಡುವಂತಿಲ್ಲ. ಆದ್ದರಿಂದ ಊರಿನಿಂದಾಚೆ, ಹೊಲವೊಂದರ ಕೆಳಗೆ ಹೊಳೆಯ ಮರಳಿನಲ್ಲಿ ಭಾವಮೈದುನ ಗೂಟ ಹೊಡೆಯತೊಡಗಿದ. ನೀರು ಮೂವತ್ತು ಹೆಜ್ಜೆ ದೂರದಲ್ಲಿ ತೆಳ್ಳಗೆ ಹರಿಯುತ್ತಿತ್ತು. ಹೊಲದ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ನಿಂತಿದ್ದ ಅಜ್ಜಿಯೊಬ್ಬಳು ನನ್ನಾಕೆಯನ್ನು ಕೂಗಿದಳು:

“ಯವ್ವಾ, ಕೂಸು ಕಟ್ಟಿಕೊಂಡು ಹೊಳಿಯಾಗ ಮಕ್ಕೊಂತೀರೇನ?”

“ಮಳೆಯೇ ಇಲ್ಲವಲ್ಲ ಅಜ್ಜಿ, ಆಕಾಶ ನೋಡಿ,” ಎಂದ ಭಾವಮೈದುನ.

“ಮಳಿ ಇಲ್ಲೇ ಬರಬೇಕಂತ ಏನೈತಿ? ಮ್ಯಾಲ ಬಿದ್ರ ಸಾಕು, ಡ್ಯಾಮಿನ ಗೇಟ ತಗೀತಾರ. ಹೊಳಿ ಹೇಳಿ ಬರತೈತೇನ?”

ಅಜ್ಜಿಯ ಮಾತಿನಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆಯಿರಲಿಲ್ಲ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಮಳೆ ಧಾರಾಳವಾದ ಮಲೆನಾಡಿನಲ್ಲಿ. ಆ ನೀರು ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ತುಂಬಿದಾಗ ಬಾಗಿಲು ದಾಟಿ ಈ ಒಣನಾಡಿಗೆ ಇಳಿಯುತ್ತದೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ಹೊಳೆ ನುಗ್ಗಿತ್ತು. ತಲೆಯ ಮೇಲಿನ ಆಕಾಶವನ್ನು ನೋಡಿ ಹೊಳೆಯ ಮನಸ್ಸನ್ನು ಅಳೆಯುವುದು ನಮ್ಮ ಕೆರೆಯ ಸೀಮೆಯ ಲೆಕ್ಕ. ಇಲ್ಲಿ ಅದು ನಡೆಯದು.

ನನ್ನಾಕೆ ಆಗಲೇ ಹಾಸಿಗೆ ಸುತ್ತಿದ್ದಳು. ಅಜ್ಜಿಯ ಹೊಲದ ಮೇಲಂಚಿನಲ್ಲಿ, ಬಂಡೆಯ ಮಗ್ಗುಲಿಗೆ ಡೇರೆ ಎದ್ದಿತು. ನೆಲ ಗಟ್ಟಿ, ಗೂಟಗಳು ಇಳಿಯಲೊಲ್ಲವು. ಕೊನೆಗೆ ಹಗ್ಗಗಳಿಗೆ ಕಲ್ಲು ಕಟ್ಟಿದೆವು. ಅಜ್ಜಿಯ ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಂದವು. ಹಗಲೆಲ್ಲ ಬಿಸಿಲು ಕುಡಿದ ಬಂಡೆ ಸರಿರಾತ್ರಿಯವರೆಗೂ ಬೆಚ್ಚಗಿತ್ತು. ಭಾವಮೈದುನ ವಾಗ್ದಾನ ಮಾಡಿದ್ದ ನಕ್ಷತ್ರಗಳೂ ಬಂದವು. ಅವನು ಮಾತ್ರ ಅವುಗಳ ಕೆಳಗೆ ಮಗ್ಗುಲು ಬದಲಿಸುತ್ತ ಮರಳಿನ ಮೆತ್ತನೆಯನ್ನು ನೆನೆದುಕೊಳ್ಳುತ್ತಿದ್ದ.

ಸಂಜೆ ಮಗಳು ನೀರಿನಂಚಿನ ಒಣಮರಳಿನಲ್ಲಿ ಒಂದು ಕಡ್ಡಿ ನೆಟ್ಟಿದ್ದಳು. ಬೆಳಗಾಗುತ್ತಲೇ ಓಡಿ ನೋಡಿ ಬಂದಳು. ಕಡ್ಡಿ ನಾಲ್ಕು ಬೆರಳು ನೀರಿನಲ್ಲಿ ನಿಂತಿತ್ತು. ಭಾವಮೈದುನ ಅದನ್ನು ಅವಳು ನೀರಿನಲ್ಲೇ ನೆಟ್ಟಿದ್ದಳೆಂದು ವಾದಿಸಿದ. ವಾದ ಬಾಗಲಕೋಟೆ ದಾಟುವವರೆಗೂ ನಡೆಯಿತು.