ಕೇಬಲ್ಲಿನ ಬಿಲ್ಲು

ಈ ಸಲ ನಮ್ಮಲ್ಲಿ ಮೊದಲ ಸುತ್ತಿನ ಮದ್ದು ಬಿಡ್ಲಿಕ್ಕೆ ತಡ ಆಯ್ತು. ಕೇಳಿದವರಿಗೆಲ್ಲ ಮಳೆ ಬಿಡಲಿಲ್ಲ ಅಂತ ಹೇಳಿದ್ದೆ. ಅದು ಅರ್ಧ ಸತ್ಯ. ಇನ್ನರ್ಧ ಇಲ್ಲಿ ಬರೀತೇನೆ, ಯಾರಿಗಾದರೂ ಉಪಯೋಗ ಆದೀತು.

ನನ್ನ ಮಗಳ ಮಗಳಿಗೆ ಈಗ ಏಳು ವರ್ಷ. ಹುಟ್ಟಿದಾಗಿಂದ ಕಿವಿ ಕೇಳದು. ಸಣ್ಣದಿರುವಾಗಲೇ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ ಆಗಿದೆ. ಕೇಂದ್ರ ಸರಕಾರದ ಎಡಿಐಪಿ ಯೋಜನೆಯಲ್ಲಿ ಇದಕ್ಕೆ 2014ರಿಂದ ಸಹಾಯ ಉಂಟು, ಆಗ ಒಂದು ಮಗುವಿಗೆ 6 ಲಕ್ಷ ರೂಪಾಯಿವರೆಗೆ ಇಟ್ಟಿದ್ದರು. ನಾವೆಲ್ಲ ಆಪರೇಷನ್ ಆದರೆ ಮುಗೀತು ಅಂತ ತಿಳಿದುಕೊಂಡಿದ್ದೆವು.

ಮುಗಿಯುವುದಿಲ್ಲ ಮಾರಾಯ್ರೇ. ಚರ್ಮದ ಒಳಗೆ ಇಟ್ಟದ್ದಕ್ಕೆ ಸ್ವಂತ ಬ್ಯಾಟರಿ ಇಲ್ಲ. ಕಿವಿಯ ಹಿಂದೆ ಒಂದು ಪ್ರೊಸೆಸರ್, ತಲೆಗೆ ಅಯಸ್ಕಾಂತದಿಂದ ಅಂಟುವ ಕೋಯಿಲ್, ಎರಡರ ನಡುವೆ ದಾರದಷ್ಟು ಸಪೂರದ ಒಂದು ಕೇಬಲ್. ಆ ಕೇಬಲ್ ತುಂಡಾದರೆ ಲಕ್ಷಗಟ್ಟಲೆಯ ಒಳಗಿನ ಸಾಮಾನು ಸುಮ್ಮನೆ ಕೂತಿರ್ತದೆ. ಪಂಪು ಸರಿ ಇದ್ದು ಕರೆಂಟಿನ ವಯರು ತುಂಡಾದ ಹಾಗೆ.

ಜೂನಿನಲ್ಲಿ ಅದೇ ಆಯ್ತು. ಕೇಬಲ್ ಬಗ್ಗುವ ಜಾಗದಲ್ಲಿ ಒಳಗಿಂದೊಳಗೇ ತುಂಡು, ಕೋಯಿಲ್‌ಗೆ ಕಿಲುಬು. ನಮ್ಮ ಮಳೆಗಾಲದ ಥಂಡಿ ಗೊತ್ತಲ್ಲ. ರಾತ್ರಿ ಸಿಲಿಕಾ ಜೆಲ್ ಡಬ್ಬಿಯಲ್ಲಿ ಹಾಕಿಡಬೇಕು, ಒಂದೆರಡು ವಾರ ಮರೆತಿದ್ದೆವು. ಮಂಗಳೂರಿನಲ್ಲಿ ಪರೀಕ್ಷೆ ಮಾಡಿ ಎರಡೂ ಬದಲಿಸಬೇಕು ಅಂದರು. ಒಟ್ಟು 30,500. ಕಿಲೋಗೆ 450 ಹಿಡಿದರೂ ಎಪ್ಪತ್ತು ಕಿಲೋ ಚಾಲಿ ಹತ್ತಿರ ಹತ್ತಿರ. ಹಣ ಮೊದಲು ಕಟ್ಟಬೇಕು, ಸಾಮಾನು ಆಮೇಲೆ ಬರುವುದು.

ಬರ್ಲಿಕ್ಕೆ ಹನ್ನೊಂದು ದಿನ ಹಿಡಿಯಿತು. ಬಾಯಿ ತುಂಬ ಮಾತಾಡುತ್ತಿದ್ದ ಮಗು ಮೂರನೇ ದಿನಕ್ಕೆ ಕೈಸನ್ನೆಗೆ ಇಳಿಯಿತು. ಶಾಲೆಗೆ ಹೋಗುವುದಿಲ್ಲ ಅಂತ ಹಟ. ನಾನು ಮಾತಾಡುವಾಗ ಹತ್ತಿರ ಬಂದು ನನ್ನ ಗಂಟಲಿನ ಮೇಲೆ ಕೈ ಇಟ್ಟು ನೋಡುವುದು. ಆ ದಿನಗಳಲ್ಲಿ ತೋಟಕ್ಕೆ ಇಳೀಲಿಕ್ಕೆ ಮನಸ್ಸೇ ಬರಲಿಲ್ಲ.

ಸಾಮಾನು ಬಂದ ದಿನ ಖುಷಿಯಲ್ಲಿ ಇದ್ದೆ. ಕೌಂಟರಿನ ಹುಡುಗ "ಆ್ಯಕ್ಸೆಸರೀಸ್, ಒಂದು ಸೆಟ್ ಅಂತ ಬರೆದರೆ ಸಾಕಲ್ಲ ಅಣ್ಣ?" ಅಂತ ಕೇಳಿದ. "ಸಾಕು ಸಾಕು" ಅಂದೆ.

ಅಳಿಯನ ಆಫೀಸಿನ ಇನ್ಶೂರೆನ್ಸ್‌ಗೆ ಆ ಬಿಲ್ಲು ಕಳಿಸಿದೆವು. ತಿರುಗಿ ಬಂತು. ಮಗುವಿನ ಹೆಸರಿಲ್ಲ, ಪ್ರೊಸೆಸರಿನ ಸೀರಿಯಲ್ ನಂಬರ್ ಇಲ್ಲ, ಬದಲಿಸಲೇಬೇಕು ಅಂತ ಆಡಿಯಾಲಜಿಸ್ಟ್ ಬರೆದ ಚೀಟಿ ಇಲ್ಲ. ಆ್ಯಕ್ಸೆಸರೀಸ್ ಅಂದರೆ ಹೆಚ್ಚುವರಿ ಸಾಮಾನು, ಅದಕ್ಕೆ ಹಣ ಇಲ್ಲ. ಹೊರಗೆ ಹಾಕುವ ಉಪಕರಣಗಳನ್ನು ತುಂಬಾ ಪಾಲಿಸಿಗಳು ಮೊದಲೇ ಹೊರಗಿಡುತ್ತವೆ, ಅದು ಬೇರೆ.

ನನಗೆ ನಾಚಿಕೆ ಆದದ್ದು ಇಲ್ಲಿ. ತೋಟಗಾರಿಕೆ ಇಲಾಖೆಗೆ ಡ್ರಿಪ್ಪಿನ ಸಬ್ಸಿಡಿ ಫೈಲು ಕೊಡುವಾಗ ಬಿಲ್ಲಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ ಪುತ್ತೂರಿಗೆ ವಾಪಸು ಹೋಗಿ ಸರಿ ಮಾಡಿಸಿ ತರುವವ ನಾನು. ಮಗುವಿನ ಕಿವಿಯ ಬಿಲ್ಲನ್ನು ಓದದೆ ಮಡಚಿ ಕಿಸೆಗೆ ಹಾಕಿದ್ದೆ.

ಅಳಿಯನ ತಮ್ಮ ಅಮೆರಿಕದಲ್ಲಿದ್ದಾನೆ. ಅಲ್ಲಿ ಬದಲಿ ಕೋಯಿಲ್‌ಗೆ ಎಲ್ 8617, ಕೇಬಲ್‌ಗೆ ಎಲ್ 8618 ಅಂತ ಬಿಲ್ಲಿಗೆ ಬೇರೆ ಬೇರೆ ನಂಬರೇ ಉಂಟಂತೆ, ಬ್ಯಾಟರಿಗೂ ಉಂಟಂತೆ. ನಮ್ಮಲ್ಲಿ ಕೌಂಟರಿನವ ಬರೆದದ್ದೇ ವೇದವಾಕ್ಯ.

ಎರಡು ಸಲ ಮಂಗಳೂರಿಗೆ ಹೋಗಿ ಬಿಲ್ಲು ಬಿಡಿಬಿಡಿಯಾಗಿ ಬರೆಸಿದೆ: ಬದಲಿ ಕೋಯಿಲ್ ಒಂದು, ಬದಲಿ ಕೇಬಲ್ ಒಂದು, ಮಗುವಿನ ಹೆಸರು, ಸೀರಿಯಲ್ ನಂಬರ್. ಇದಿಲ್ಲದೆ ಇಂಪ್ಲಾಂಟ್ ಕೆಲಸ ಮಾಡದು ಅಂತ ಒಂದು ಚೀಟಿ. ಕೋಯಿಲಿನ ಹಣ ಬಂತು. ಕೇಬಲಿನದ್ದು ಇಲ್ಲ, ಯಾಕೆ ಅಂತ ಯಾರೂ ಹೇಳಲಿಲ್ಲ. ಯಶಸ್ವಿನಿ ಕಾರ್ಡು ಇದ್ದರೆ ಆಗ್ತದಾ ಅಂತ ಕೆಲವರು ಕೇಳಿದರು. ಅದು ಆಸ್ಪತ್ರೆಗೆ ಸೇರಿದ ಚಿಕಿತ್ಸೆಗೆ, ಹೀಗೆ ಅಂಗಡಿಯಿಂದ ತಂದ ಸಾಮಾನಿಗೆ ಅಲ್ಲ. ವಾರಂಟಿ ಯಾವಾಗ ಮುಗೀತದೆ ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ, ನಾವು ಬರೆದಿರಲಿಲ್ಲ.

ಆಲಂಕಾರು, ರಾಮಕುಂಜ, ಪೆರಾಬೆ ಕಡೆ ಇಂಥ ಮಕ್ಕಳಿರುವ ಮನೆಯವರು ಇದ್ದರೆ ಬನ್ನಿ, ಸರಿ ಮಾಡಿಸಿದ ಬಿಲ್ಲಿನ ಜೆರಾಕ್ಸ್ ನನ್ನಲ್ಲಿ ಉಂಟು.

ನಾಳೆ ಹೊಳವಾದರೆ ಎರಡನೇ ಸುತ್ತು ಬೋರ್ಡೋ. ಪಂಪು ಸ್ಟಾರ್ಟ್ ಮಾಡುವ ಮೊದಲು ಸಣ್ಣವಳಿಗೆ ಹೇಳಬೇಕು. ಮಿಶನ್ ತೆಗೆದು ಅಜ್ಜಿಯ ಕೈಯಲ್ಲಿ ಕೊಟ್ಟೇ ಅಂಗಳಕ್ಕೆ ಇಳಿಯುವುದು, ಅದು ಅವಳೇ ಮಾಡಿದ ರೂಲು.