ಹೆರಾಲ್ಡ್ ಮತ್ತು ಜೀಪು

ತಾಳವಾಡಿ ಸೀಮೆಯ ಹಿರಿಯರಲ್ಲಿ ಕೆಲವರಿಗಾದರೂ ನಮ್ಮ ಮನೆಯ ಎರಡು ವಾಹನಗಳ ನೆನಪಿರಬಹುದು. ಒಂದು, ನಾವು 1979ರಲ್ಲಿ ಕೊಯಮತ್ತೂರಿನಲ್ಲಿ ಕೊಂಡ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಇನ್ನೊಂದು, ಅದಕ್ಕೂ ಮೊದಲಿನಿಂದ ತಂದೆಯವರ ಬಳಿಯಿದ್ದ ಮಹೀಂದ್ರ ಜೀಪು. ಯಾವುದು ಮೇಲೆಂಬ ವಾದ ಊಟಕ್ಕೆ ಕುಳಿತಾಗಲೆಲ್ಲ ನಮ್ಮಿಬ್ಬರ ನಡುವೆ ನಡೆಯುತ್ತಿತ್ತು.

ಇಟಲಿಯ ಮಿಖೆಲೊಟ್ಟಿ ರೂಪಿಸಿದ ಹೆರಾಲ್ಡ್ 1959ರಲ್ಲಿ ಇಂಗ್ಲೆಂಡಿನಲ್ಲಿ ಕೂಪೆ, ಸಲೂನ್ ಎಂಬ ಎರಡು ರೂಪಗಳಲ್ಲಿ ಹೊರಬಂದಿತು. ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹುಟ್ಟಿದ್ದೂ ಇದರಿಂದಲೇ. ಮದರಾಸಿನಲ್ಲಿ ತಯಾರಾದ ನಮ್ಮದು ಎರಡು ಬಾಗಿಲಿನ ಸಲೂನ್ ಮಾತ್ರ. ಆದರೂ ಹರೆಯದ ಹುರುಪಿನಲ್ಲಿ ಅದನ್ನು ಸ್ಪೋರ್ಟ್ಸ್ ಕಾರೆಂದೇ ಹೇಳಿಕೊಳ್ಳುತ್ತಿದ್ದೆವು. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಂಡಾಗ ಇಡೀ ಎಂಜಿನ್ ಕಣ್ಣೆದುರು ಬರುತ್ತಿತ್ತು. ಸುಮಾರು 25 ಅಡಿಯ ವೃತ್ತದಲ್ಲಿ ತಿರುಗಬಲ್ಲ ಅದಕ್ಕೆ, ಸತ್ಯಮಂಗಲದ ಕಡೆಗೆ ಇಳಿಯುವ ದಿಂಬಂ ಘಾಟಿಯ 27 ತಿರುವುಗಳು ಮಕ್ಕಳಾಟವಾಗಿದ್ದವು. ವೇಗವಾಗಿ ತಿರುಗುವಾಗ ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮಾತ್ರ ಹಿಂದಿನ ಚಕ್ರ ಒಳಕ್ಕೆ ಮಡಿಸಿಕೊಂಡು ಬಾಲ ಜಾರುತ್ತಿತ್ತು. ಒಮ್ಮೆ ಜಾರಿಯೂ ಇತ್ತು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

ಜೀಪಿಗೆ ಅಂದವೆಂಬುದೇ ಇರಲಿಲ್ಲ. ಹರಿಕೇನ್ ಎಂಜಿನ್ನಿನ ಎತ್ತರಕ್ಕೆ ತಕ್ಕಂತೆ ಬಾನೆಟ್ಟನ್ನೂ ಎತ್ತರಿಸಿದ್ದರಿಂದ ಮೂತಿ ಉಬ್ಬಿಸಿದಂತೆ ಕಾಣುತ್ತಿತ್ತು. ಗೇರಿನ ಪಕ್ಕದಲ್ಲಿ ಇನ್ನೆರಡು ಲಿವರುಗಳು: ಒಂದು, ಮುಂದಿನ ಚಕ್ರಗಳಿಗೂ ಬಲ ಹಾಯಿಸುವುದು, ಮತ್ತೊಂದು, ವೇಗ ಕುಗ್ಗಿಸಿ ಎಳೆತವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸುವುದು. ಒಣ ಟಾರು ರಸ್ತೆಯಲ್ಲಿ ಇವುಗಳನ್ನು ಬಳಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಉರುಳಬೇಕಾದುದರಿಂದ ಹಲ್ಲುಚಕ್ರಗಳು ಬಿಗಿದುಕೊಳ್ಳುತ್ತವೆ. ಬಿ.ಎಡ್. ಮಾಡಿದ್ದ ನಮಗೆ ಇದನ್ನು ಕಲಿಸಿದವರು ಶಾಲೆಯ ಮೆಟ್ಟಿಲು ಹತ್ತದ ತಂದೆಯವರು.

1983ರ ನವೆಂಬರಿನ ಒಂದು ರಾತ್ರಿ ಮೂರು ವರ್ಷದ ಮಗಳಿಗೆ ಜ್ವರ ನೆತ್ತಿಗೇರಿ ಸೆಳವು ಬಂದಿತು. ಹಿಂಗಾರು ಮಳೆ ಹಿಡಿದು ನಾಲ್ಕು ದಿನಗಳಾಗಿದ್ದವು. ಹೆಂಡತಿ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಹೆರಾಲ್ಡಿನಲ್ಲಿ ಕುಳಿತಳು. ಊರ ಹಳ್ಳಕ್ಕೆ ಇನ್ನೂ ನೂರು ಗಜವಿರುವಾಗಲೇ ಹಿಂದಿನ ಚಕ್ರಗಳು ಕೆಸರಿನಲ್ಲಿ ಹೂತವು. ನಾವು ಎಂಜಿನ್ನನ್ನು ಗರ್ಜಿಸಿದಷ್ಟೂ ಕಾರು ಇನ್ನಷ್ಟು ಇಳಿಯಿತು. ಹಿಂದಿನಿಂದ ಜೀಪಿನ ಬೆಳಕು ಕಾಣಿಸಿತು. ತಂದೆಯವರು ಕರೆಯದೆಯೇ ಬಂದಿದ್ದರು.

“ನಿನ್ನ ಗೊಂಬೆ ಇಲ್ಲೇ ಬಿದ್ದಿರ್ಲಿ. ಕೂಸ ಎತ್ಕಂಡು ಬಾ.”

ಅವರು ಎರಡೂ ಲಿವರುಗಳನ್ನು ಹಾಕಿ, ನಡಿಗೆಯ ವೇಗದಲ್ಲಿ, ಒಮ್ಮೆಯೂ ಕ್ಲಚ್ ಒತ್ತದೆ ಹಳ್ಳ ದಾಟಿಸಿದರು. ನೀರು ಕಾಲಿಡುವ ಹಲಗೆಯವರೆಗೂ ಬಂದಿತ್ತು. ಚಾಮರಾಜನಗರದ ಆಸ್ಪತ್ರೆ ತಲುಪುವವರೆಗೆ ಯಾರೂ ಮಾತನಾಡಲಿಲ್ಲ. ಮಗಳು ಉಳಿದಳು. ಆ ಬಳಿಕ ತಂದೆಯವರು ಊಟದ ಹೊತ್ತಿನ ವಾದವನ್ನು ಎಂದೂ ಎತ್ತಲಿಲ್ಲ. ಎತ್ತಿದ್ದರೆ ನಮಗೆ ಹಗುರವಾಗುತ್ತಿತ್ತೇನೋ.

ಅವರು ತೀರಿಕೊಂಡ ಮರುವರ್ಷ ಹೆರಾಲ್ಡಿನ ಗೇರ್‌ಬಾಕ್ಸ್ ಕೆಟ್ಟಿತು. ಬಿಡಿಭಾಗಗಳು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಆ ಖರ್ಚಿಗೆಂದು ಜೀಪನ್ನು ಮಾರಿದೆವು. ಕೊಂಡವನು ಅದನ್ನು ಬಿಚ್ಚಿ ಎಂಜಿನ್ನನ್ನು ಬೇರೆಯಾಗಿ ಮಾರಿದನೆಂದು ಆಮೇಲೆ ತಿಳಿಯಿತು.

ಕಳೆದ ದೀಪಾವಳಿಗೆ ಬಂದ ಮೊಮ್ಮಗ ಷೆಡ್ಡಿನಲ್ಲಿದ್ದ ಹೆರಾಲ್ಡಿನ ಟಾರ್ಪಾಲು ಸರಿಸಿ, “ತಾತಾ, ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಇದರಲ್ಲೇನಾ?” ಎಂದು ಕೇಳಿದ. ಅಲ್ಲವೆಂದೆವು. ಹಾಗಾದರೆ ಅದೆಲ್ಲಿ ಎಂದು ಅವನು ಕೇಳುವ ಮೊದಲೇ ಟಾರ್ಪಾಲನ್ನು ಮತ್ತೆ ಎಳೆದುಬಿಟ್ಟೆವು.